ಮಾರಬಾರದ ಮನೆ



ಈ ಮಾತುಗಳನ್ನು ನಮ್ಮ ಭಾನುವಾರದ ಕನ್ನಡ ಅರ್ಧ ಗಂಟೆಯಲ್ಲಿ ನೀವು ಕೇಳಿರಬಹುದು. ಹಾಲಿನವನು ಬಂದನೆಂದೋ, ಕುಕ್ಕರ್ ಕೂಗಿತೆಂದೋ ಅರ್ಧಕ್ಕೇ ಎದ್ದು ಹೋಗಿರಲೂಬಹುದು. "ಅಕ್ಕಾರ, ಆ ಮನಿ ಮಾತು ಬರದು ಕೊಡ್ರಿ, ನಮ್ಮ ತಮ್ಮಗ ಕಳಸ್ತೀನಿ" ಎಂದು ಆಮೇಲೆ ಫೋನ್ ಮಾಡಿದವರು ಹಲವರು. ಹಾಗಾಗಿ ಅಂದು ಆಡಿದ್ದನ್ನೂ, ಸಮಯ ಸಾಲದೆ ನುಂಗಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಇದು ಶುರುವಾದದ್ದು ಒಂದು ಕರೆಯಿಂದ. ಕಾರ್ಯಕ್ರಮ ಮುಗಿಯಲು ಐದಾರು ನಿಮಿಷ ಬಾಕಿ ಇತ್ತು. ಎಂದಿನಂತೆ "ಯಾವ ಹಾಡು ಹಾಕೋಣ?" ಎಂದೆ. "ಹಾಡು ಬ್ಯಾಡ್ರಿ ಅಕ್ಕಾರ, ಒಂದು ಮಾತು ಕೇಳೂದೈತಿ" ಅಂದರು. ಅಫಜಲಪುರದ ಕಡೆಯವರು. ಪುಣೆಗೆ ಬಂದು ಹದಿನಾರು ವರ್ಷ. ಮೊದಲು ಹೋಟೆಲಿನಲ್ಲಿ ಇದ್ದರು, ಈಗ ಭೋಸರಿಯಲ್ಲಿ ಟೆಂಪೊ ಓಡಿಸುತ್ತಾರೆ. "ಸರಕಾರಿ ಸ್ಕೀಮಿನ ಮನಿ ಒಂದು ಬಂದೈತ್ರಿ. ಲಾಟರ್‍ಯಾಗ ಬಂದಂವ ಬಿಡಾಕ ಹೊಂಟಾನ. ಈಗ ನೋಟರಿ ಮಾಡಿ ಕೊಡತಾನಂತ, ಐದು ವರ್ಷ ಆದ ಮ್ಯಾಲೆ ನಮ್ಮ ಹೆಸರಿಗೆ ಮಾಡತಾನಂತ. ಹೊರಗಿನ ರೇಟಿಗಿಂತ ಭಾಳ ಕಮ್ಮಿ. ತಗೋಬಹುದೇನ್ರಿ?"

ರೇಡಿಯೊದಲ್ಲಿ ಎಂಟು ಸೆಕೆಂಡ್ ಮೌನ ಎಂದರೆ ಎಂಟು ನಿಮಿಷದ ಹಾಗೆ. ಅಷ್ಟು ಹೊತ್ತು ಸುಮ್ಮನಿದ್ದೆನಂತೆ. ಗಾಜಿನ ಆಚೆ ಕುಳಿತಿದ್ದ ನಮ್ಮ ಎಂಜಿನಿಯರ್ ಕೈ ಬೀಸಿ ಕರೆಯುತ್ತಿದ್ದರು. ಕೊನೆಗೆ "ತಗೋಬ್ಯಾಡ್ರಿ ಅಣ್ಣಾರ. ಯಾಕ ಅಂತ ಮುಂದಿನ ವಾರ ಹೇಳ್ತೀನಿ" ಎಂದು ಹಾಡು ಹಾಕಿಬಿಟ್ಟೆ. ಸುಮ್ಮನಾದದ್ದಕ್ಕೆ ಕಾರಣವಿತ್ತು. ಅವರು ಹೇಳಿದ ಮಾತು ಒಂದಕ್ಷರ ಬದಲಿಲ್ಲದೆ 2019 ರಲ್ಲಿ ನಮ್ಮ ಮನೆಯ ಚಾಪೆಯ ಮೇಲೆ ಕುಳಿತು ಒಬ್ಬ ಏಜೆಂಟ ಹೇಳಿದ್ದ. ನಾವು 51 ಸಾವಿರ ರೂಪಾಯಿ ಟೋಕನ್ ಕೊಟ್ಟಿದ್ದೆವು.

ನಮ್ಮ ಕಥೆ ಆಮೇಲೆ. ಮೊದಲು, ಈ ಮನೆ ಅಗ್ಗ ಯಾಕೆ? ಇದೊಂದನ್ನು ಕೇಳಿಕೊಂಡಿದ್ದರೆ ನಮ್ಮ ದುಡ್ಡು ಉಳಿಯುತ್ತಿತ್ತು.

ಪುಣೆಯಲ್ಲಿ ಸಂಬಳದವರ ಕೈಗೆ ಎಟಕುವ ಸರಕಾರಿ ದರದ ಮನೆಗಳು ಮುಖ್ಯವಾಗಿ ಮೂರು ದಾರಿಯಲ್ಲಿ ಬರುತ್ತವೆ. ಒಂದು, ಮ್ಹಾಡಾದ ಪುಣೆ ಮಂಡಳಿ ತಾನೇ ಕಟ್ಟಿಸಿದ್ದು. ಎರಡು, ಖಾಸಗಿ ಬಿಲ್ಡರುಗಳು ಬಿಟ್ಟುಕೊಡಬೇಕಾದ ಪಾಲು. ಹತ್ತು ಲಕ್ಷಕ್ಕೆ ಮೇಲ್ಪಟ್ಟು ಜನರಿರುವ ಊರಿನಲ್ಲಿ 4000 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಕಟ್ಟುವವರು ಶೇಕಡಾ 20 ರಷ್ಟನ್ನು ಸಣ್ಣ ಮನೆಗಳಿಗೆ ಮೀಸಲಿಡಬೇಕೆಂದು ಮಹಾರಾಷ್ಟ್ರ ಸರಕಾರ 2013 ರಲ್ಲಿ ನಿಯಮ ತಂದಿತು. ಆ ಮನೆಗಳನ್ನೂ ಮ್ಹಾಡಾ ಲಾಟರಿಯಲ್ಲೇ ಹಂಚುತ್ತಾರೆ. ವಾಕಡ್, ತಾಥವಡೆಯ ಕಡೆ ಈಜುಕೊಳದ ಕಾಂಪ್ಲೆಕ್ಸುಗಳ ಪಕ್ಕದಲ್ಲಿ ಒಂದು ಸಣ್ಣ ಕಟ್ಟಡ ಮೂಲೆಯಲ್ಲಿ ನಿಂತಿರುತ್ತದಲ್ಲ, ಹಲವು ಸಲ ಅದು ಇದೇ. ಮೂರನೆಯದು, 2015 ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಮಹಾನಗರಪಾಲಿಕೆಗಳು ಕಟ್ಟಿದ್ದು. ಪಿಂಪರಿ-ಚಿಂಚವಡ ಪಾಲಿಕೆ ಚರ್‍ಹೋಲಿಯಲ್ಲಿ 1442, ರಾವೇತದಲ್ಲಿ 934, ಬೋರ್‍ಹಾಡೆವಾಡಿಯಲ್ಲಿ 1288, ಒಟ್ಟು 3664 ಮನೆಗಳಿಗೆ 2021 ರಲ್ಲಿ ಲಾಟರಿ ಎತ್ತಿತು. ಭೋಸರಿಯ ಸೆಕ್ಟರ್ 12 ರಲ್ಲಿ 4883 ಮನೆ ಎದ್ದವು. 2023 ರ ಆಗಸ್ಟ್ 1 ರಂದು ಪ್ರಧಾನಿಯವರು ಪುಣೆಗೆ ಬಂದಾಗ ಪುಣೆ ಪಾಲಿಕೆಯ 2650 ಕ್ಕೂ, ಪಿಂಪರಿ-ಚಿಂಚವಡದ 1280 ಕ್ಕೂ ಹೆಚ್ಚು ಮನೆಗಳನ್ನು ಫಲಾನುಭವಿಗಳಿಗೆ ಹಸ್ತಾಂತರಿಸಿದರು.

ಆವಾಸ್ ಯೋಜನೆಯ ಇಂಥ ಒಂದು ಮನೆಗೆ ಕೇಂದ್ರದಿಂದ ಒಂದೂವರೆ ಲಕ್ಷ, ರಾಜ್ಯದಿಂದ ಒಂದು ಲಕ್ಷ ಅನುದಾನ. ಒಳಗಿನ ಅಳತೆ 30 ಚದರ ಮೀಟರ್, ಎಂದರೆ ಸುಮಾರು 320 ಚದರ ಅಡಿ. ಜಾಗ ಎಷ್ಟೋ ಕಡೆ ಪಾಲಿಕೆಯದು. ಮಧ್ಯದಲ್ಲಿ ಲಾಭ ಮಾಡುವವನಿಲ್ಲ. ಇಷ್ಟೆಲ್ಲ ಸೇರಿ ಬೆಲೆ ಇಳಿಯುತ್ತದೆ. ಇಳಿಸಿದ ಮೇಲೆ ಸರಕಾರ ಒಂದು ಹಗ್ಗ ಕಟ್ಟುತ್ತದೆ: ಈ ಮನೆಯಲ್ಲಿ ನೀನೇ ಇರಬೇಕು, ಇಷ್ಟು ವರ್ಷ ಮಾರಬಾರದು. ಮ್ಹಾಡಾದ ಮನೆಗೆ ಐದು ವರ್ಷ, ಆಮೇಲೂ ಅವರ ಅನುಮತಿ ಪಡೆದು ವರ್ಗಾವಣೆ ಮಾಡಬೇಕು. ಬೇರೆ ಯೋಜನೆಗಳಲ್ಲಿ ಈ ಅವಧಿಯೂ ಷರತ್ತೂ ಬೇರೆ. ಹಂಚಿಕೆ ಪತ್ರದಲ್ಲಿ ಬರೆದಿರುತ್ತಾರೆ. ಹೊಲದ ಆಕಳಿಗೆ ಹಗ್ಗ ಕಟ್ಟಿದರೆ ಆಕಳಿನ ಬೆಲೆ ಇಳಿಯದು. ಇಲ್ಲಿ ಹಾಗಲ್ಲ, ಹಗ್ಗ ಇರುವುದರಿಂದಲೇ ಮನೆ ನಿಮಗೆ ಸಿಕ್ಕಿದ್ದು. ಹಗ್ಗವಿಲ್ಲದಿದ್ದರೆ ಲಾಟರಿ ಎತ್ತಿದ ಸಂಜೆಯೇ ಅದು ದುಡ್ಡಿದ್ದವನ ಕೈ ಸೇರುತ್ತಿತ್ತು.

ಈಗ ನಮ್ಮ ಚಾಪೆಯ ಕಥೆ.

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವಳು. ಕನ್ನಡ ಬಿ.ಎ. ಮಾಡಿ 2009 ರಲ್ಲಿ ಮದುವೆಯಾಗಿ ಪುಣೆಗೆ ಬಂದೆ. ನಮ್ಮ ಮನೆಯವರು ಭೋಸರಿಯ ವರ್ಕ್‌ಶಾಪೊಂದರಲ್ಲಿ ಸಿಎನ್‌ಸಿ ಯಂತ್ರದ ಮುಂದೆ ನಿಲ್ಲುವವರು. ಹನ್ನೊಂದು ತಿಂಗಳ ಕರಾರಿನಲ್ಲಿ ಮನೆ ಬದಲಿಸಿ ಬದಲಿಸಿ ನಮ್ಮ ಗೋಡೆ ಗಡಿಯಾರಕ್ಕೆ ಕಟ್ಟುವ ದಾರ ಸವೆದು ಹೋಗಿತ್ತು. 2019 ರಲ್ಲಿ ದಾಪೋಡಿಯಲ್ಲಿದ್ದಾಗ ಈ ಏಜೆಂಟ ಬಂದ. ಒಳ್ಳೆಯ ಮಾತುಗಾರ. ಮನೆಯ ಫೋಟೊ ತೋರಿಸಿದ, ಬಿಸಿಲು ಬೀಳುವ ಗ್ಯಾಲರಿ ತೋರಿಸಿದ. "ಮಾರೋದಲ್ಲ ತಾಯಿ, ಸುಮ್ಮನೆ ಮುಖ್ತಿಯಾರ್ ಪತ್ರ. ಐದು ವರ್ಷ ಕಳೀಲಿ, ರಿಜಿಸ್ಟರ್ ಮಾಡ್ಸೋಣ" ಅಂದ. ನಮ್ಮತ್ತೆಯ ಬೋರಮಾಳ ಅಡವಿಟ್ಟು ಟೋಕನ್ ಕೊಟ್ಟೆವು.

ಆಮೇಲೆ ಎರಡು ವಾರಕ್ಕೆ ಮೂಲ ಫಲಾನುಭವಿಯ ಹಂಚಿಕೆ ಪತ್ರದ ಝೆರಾಕ್ಸ್ ಕೈಗೆ ಬಂತು. ನನಗೆ ಮರಾಠಿ ಮಾತು ಬರುತ್ತದೆ, ಓದುವುದು ನಿಧಾನ. ಅಕ್ಷರ ಕೂಡಿಸಿಕೊಂಡು ರಾತ್ರಿ ಓದಿದೆ. ಮೊದಲ ಪುಟದಲ್ಲಿ ಅಭಿನಂದನೆ. ಹಿಂಬದಿಯಲ್ಲಿ ಷರತ್ತುಗಳು. ಅವಧಿ ಮುಗಿಯುವ ಮೊದಲು ಮಾರಾಟ, ಬಾಡಿಗೆ, ಯಾವುದೇ ಬಗೆಯ ಹಸ್ತಾಂತರ ಮಾಡಿದರೆ ಹಂಚಿಕೆ ರದ್ದು, ಎಂದಿತ್ತು. 'ಯಾವುದೇ ಬಗೆಯ' ಎಂಬ ಆ ಎರಡು ಪದ ಓದಿ ನಿದ್ದೆ ಹಾರಿತು. ಬೆಳಗ್ಗೆ ದುಡ್ಡು ವಾಪಸ್ ಕೇಳಿದೆವು. ಮೂರು ಕಂತಿನಲ್ಲಿ ಮೂವತ್ತು ಸಾವಿರ ಬಂತು. ಉಳಿದ ಇಪ್ಪತ್ತೊಂದು ಸಾವಿರ ಇಂದಿಗೂ ಬರಬೇಕು. ಏಜೆಂಟನ ನಂಬರು ಈಗ ಬೇರೆ ಯಾರದೋ ಆಗಿದೆ. ಪಾಪ, ಯಾರೋ ಅಜ್ಜ ಎತ್ತುತ್ತಾರೆ.

ನಾವು ಬಚಾವಾದೆವು ಎಂದೇ ಹೇಳುತ್ತೇನೆ. ಪೂರ್ತಿ ದುಡ್ಡು ಕೊಟ್ಟು ಒಳಗೆ ಸೇರಿಕೊಂಡವರ ಸ್ಥಿತಿ ಯೋಚಿಸಿ. ನೋಟರಿ ಎಂದರೆ ಸಹಿ ಮಾಡಿದವರು ಇವರೇ ಎಂದು ಹೇಳುವ ಮುದ್ರೆ ಅಷ್ಟೇ. ಮನೆ ನಿಮ್ಮದಾಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ಪತ್ರ ನೋಂದಣಿಯಾದಾಗ. ಸುಪ್ರೀಂ ಕೋರ್ಟು 2011 ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ಮುಖ್ತಿಯಾರ್ ಪತ್ರ, ಮಾರುವ ಕರಾರು, ಉಯಿಲು, ಈ ಮೂರನ್ನು ಸೇರಿಸಿ ಕೊಟ್ಟರೂ ಆಸ್ತಿಯ ಒಡೆತನ ಕೈ ಬದಲಾಗುವುದಿಲ್ಲ. ಜೊತೆಗೆ, ಮುಖ್ತಿಯಾರ್ ಕೊಟ್ಟವನು ತೀರಿಕೊಂಡರೆ ಸಾಮಾನ್ಯವಾಗಿ ಆ ಪತ್ರವೂ ಅವನೊಂದಿಗೇ ಹೋಯಿತು. ಅವನ ಮಕ್ಕಳು ಬಂದು "ಇದು ನಮ್ಮಪ್ಪನ ಮನೆ" ಎಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಬರೀ ಸ್ಟ್ಯಾಂಪ್ ಕಾಗದ. ಇಂಥ ಕಾಗದದ ಮೇಲೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಅದಕ್ಕೇ ಏಜೆಂಟರು "ಕ್ಯಾಶ್ ಇದ್ರೆ ಮಾತ್ರ" ಎನ್ನುವುದು. ಬ್ಯಾಂಕಿನವರು ಹಿಂದೇಟು ಹಾಕುವ ಮನೆಗೆ ನಮ್ಮತ್ತೆಯ ಬೋರಮಾಳ ಯಾಕೆ ಹೋಗಬೇಕಿತ್ತು ಹೇಳಿ?

ಕೆಲಸಗಾರರಿಗೆಂದೇ ಮನೆ, ಅದಕ್ಕೊಂದು ಕಟ್ಟು ಎಂಬ ವಿಚಾರ ನಮ್ಮ ಈ ಊರಿಗೆ ಹೊಸದಲ್ಲ. ಪಿಂಪರಿಯಲ್ಲಿ 1954 ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಬಂತು. ಅರವತ್ತರ ದಶಕದಲ್ಲಿ ಟೆಲ್ಕೊ, ಬಜಾಜ್ ಬಂದವು. ಊರೂರಿನಿಂದ ಜನ ಬಂದರು. ನಮ್ಮ ಸೊಲ್ಲಾಪುರ, ವಿಜಯಪುರ, ಕಲಬುರಗಿ ಕಡೆಯವರೂ ಬಂದರು. ಬಂದವರು ಮಲಗುವುದೆಲ್ಲಿ? ಅದಕ್ಕಾಗಿ 1972 ರಲ್ಲಿ ಪಿಂಪರಿ-ಚಿಂಚವಡ ನವನಗರ ವಿಕಾಸ ಪ್ರಾಧಿಕರಣ ಹುಟ್ಟಿತು. ನಿಗಡಿಯ ಕಡೆ ರಿಕ್ಷಾದವರಿಗೆ ಬರೀ "ಪ್ರಾಧಿಕರಣ" ಎಂದರೆ ಸಾಕು, ಕರೆದೊಯ್ಯುತ್ತಾರೆ. ಸುತ್ತಲಿನ ಹಳ್ಳಿಗಳ ರೈತರ ಜಮೀನು ತೆಗೆದುಕೊಂಡು, ಸೆಕ್ಟರ್ ಮಾಡಿ, ಕಾರ್ಮಿಕರಿಗೆ ಕೈಗೆಟಕುವ ದರದಲ್ಲಿ ನಿವೇಶನ, ಮನೆ ಕೊಡುವುದು ಅದರ ಉದ್ದೇಶ. ಕೊಟ್ಟದ್ದು ಮಾರಾಟವಾಗಿ ಅಲ್ಲ, 99 ವರ್ಷದ ಗುತ್ತಿಗೆಯಾಗಿ. ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಪ್ರಾಧಿಕರಣದ ಅನುಮತಿ ಬೇಕಿತ್ತು, ಶುಲ್ಕ ಕಟ್ಟಬೇಕಿತ್ತು.

ಕಾಗದದ ಮೇಲೆ ಇದಕ್ಕಿಂತ ಗಟ್ಟಿ ಹಗ್ಗ ಯಾವುದಿದೆ? ಆದರೂ ಈಗ ಆ ಪ್ರಾಧಿಕರಣದ ಬೀದಿಗಳಲ್ಲಿ ನಡೆದು ನೋಡಿ. ಸಾಲು ಮರ, ದೊಡ್ಡ ಬಂಗಲೆ, ಎರಡೆರಡು ಕಾರು. ಶಿಫ್ಟಿನ ಕಾರ್ಮಿಕ ಅಲ್ಲಿ ಕಾಣುವುದು ಅಪರೂಪ. ಅವನು ಅರ್ಧ ಗುಂಟೆ ಜಾಗ ತೆಗೆದುಕೊಂಡು, ನಕ್ಷೆ ಮಂಜೂರಾತಿ ಇಲ್ಲದೆ ಮನೆ ಕಟ್ಟಿಕೊಂಡು, ಅದನ್ನು ಕೆಡವುತ್ತಾರೋ ಸಕ್ರಮ ಮಾಡುತ್ತಾರೋ ಎಂದು ಪ್ರತಿ ಚುನಾವಣೆಯಲ್ಲೂ ಕಿವಿ ನಿಮಿರಿಸಿ ಕೂತಿರುತ್ತಾನೆ. ಅಂಥ ಮನೆಗಳಲ್ಲಿ ಎಷ್ಟೋ ಪ್ರಾಧಿಕರಣವೇ ಕಾರ್ಮಿಕರಿಗೆಂದು ಕಾದಿರಿಸಿದ ಜಮೀನಿನ ಮೇಲೆ ಎದ್ದವು ಎಂಬುದು ವಿಚಿತ್ರ. ಜಮೀನು ಕೊಟ್ಟ ರೈತರ ಮನೆಯವರು ಶೇಕಡಾ ಹನ್ನೆರಡೂವರೆ ಜಮೀನು ಹಿಂತಿರುಗಿಸಿ ಎಂದು ದಶಕಗಟ್ಟಲೆ ಕಚೇರಿ ಸುತ್ತಿದರು. 2021 ರ ಜೂನ್‌ನಲ್ಲಿ ಪ್ರಾಧಿಕರಣವನ್ನೇ ಪಿಎಂಆರ್‌ಡಿಎಯಲ್ಲಿ ವಿಲೀನಗೊಳಿಸಿ, ಬೆಳೆದ ಬಡಾವಣೆಗಳನ್ನು ಪಾಲಿಕೆಗೆ ಒಪ್ಪಿಸಿದರು. ಹಗ್ಗ ಕಟ್ಟಿದರೆ ಸಾಲದು, ಅದನ್ನು ಹಿಡಿದುಕೊಂಡು ನಿಲ್ಲುವವರೂ ಬೇಕು ಎಂದು ನನಗೆ ಅನ್ನಿಸಿದ್ದು ಅಲ್ಲಿ ಓಡಾಡುವಾಗ.

ಇನ್ನು ದಾಖಲೆಯ ವಿಷಯ. ನಮ್ಮ ಜನ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಿ.

ಮ್ಹಾಡಾ ಲಾಟರಿಗೆ ಅರ್ಜಿ ಹಾಕುವವರು ಮಹಾರಾಷ್ಟ್ರದಲ್ಲಿ ಹದಿನೈದು ವರ್ಷ ವಾಸವಾಗಿರಬೇಕು; ಅದಕ್ಕೆ ಡೊಮಿಸೈಲ್ ಪ್ರಮಾಣಪತ್ರ ಬೇಕು. ಈ ಪತ್ರವೂ ಹಳೆಯದಾದರೆ ನಡೆಯದು, 2018 ರ ನಂತರ ಪಡೆದ, ಬಾರ್‌ಕೋಡ್ ಇರುವಂಥದ್ದಾಗಬೇಕು. ನಮ್ಮ ಮನೆಯವರಿಗೆ ಇದು ನೀರು ಕುಡಿದಷ್ಟು ಸುಲಭವಾಯಿತು. ಅವರು ಅಕ್ಕಲಕೋಟೆ ತಾಲೂಕಿನವರು, ಓದಿದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ. ಕನ್ನಡ ಬಿಟ್ಟು ಬೇರೇನೂ ಬಾರದೆ ಏಳನೇ ಇಯತ್ತೆ ಮುಗಿಸಿದ ಮನುಷ್ಯ ಶಾಲೆ ಬಿಟ್ಟ ದಾಖಲೆ ತೋರಿಸಿ ಸ್ಥಳೀಯನಾದ. ಅಲ್ಲಿಂದ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿಯ ಇಂಡಿಯಲ್ಲಿ ಹುಟ್ಟಿದ ನಾನು, ದಿನಾ ಅವರಿಗಿಂತ ಚೆನ್ನಾಗಿ ಮರಾಠಿ ಮಾತಾಡುತ್ತೇನಾದರೂ, 2024 ರವರೆಗೆ ಕಾಯಬೇಕಾಯಿತು. ಗಡಿ ಎಂಬುದು ಹೊಲದ ಬದುವಿನ ಹಾಗೆ ಕಣ್ಣಿಗೆ ಕಾಣುವುದಿಲ್ಲ, ಕಚೇರಿಯ ಕಿಟಕಿಯಲ್ಲಿ ಕಾಣುತ್ತದೆ. ನಾವು ಅರ್ಜಿ ಹಾಕಿದ್ದು ಅವರ ಹೆಸರಿನಲ್ಲೇ.

ನನ್ನ ಕಷ್ಟ ದೊಡ್ಡದಲ್ಲ. ಲೈಟ್ ಬಿಲ್ಲು, ಗ್ಯಾಸ್ ಪುಸ್ತಕ, ಮದುವೆಯ ಸರ್ಟಿಫಿಕೇಟು, ಏನಾದರೊಂದು ಇದೆ. ಹೋಟೆಲ್ ಹುಡುಗರನ್ನು ನೆನೆಯಿರಿ. ಹದಿನೈದು-ಹದಿನಾರರ ವಯಸ್ಸಿಗೆ ಊರು ಬಿಟ್ಟು ಬಂದು, ಹೋಟೆಲಿನ ಮಾಳಿಗೆಯಲ್ಲೇ ಮಲಗಿ, ಅಲ್ಲೇ ಉಂಡು ಆರೇಳು ವರ್ಷ ಕಳೆದವರು. ಇಡ್ಲಿ ಹಿಟ್ಟಿನ ರುಬ್ಬುವ ಯಂತ್ರಕ್ಕೆ ಅವರ ಹೆಸರು ಗೊತ್ತು, ಯಾವ ರಿಜಿಸ್ಟರಿಗೂ ಗೊತ್ತಿಲ್ಲ. ಬಾಡಿಗೆ ಕರಾರಿಲ್ಲ, ಬಿಲ್ಲಿಲ್ಲ, ಚೀಟಿಯಿಲ್ಲ. ಕಟ್ಟಡ ಕೆಲಸಕ್ಕೆ ಬಂದವರದೂ ಅಷ್ಟೇ: ಸೈಟಿನ ಪತ್ರಾ ಶೆಡ್ಡಿನಲ್ಲಿ ಸಂಸಾರ, ಕಟ್ಟಡ ಮುಗಿಯುತ್ತಲೇ ಶೆಡ್ಡಿನ ಜೊತೆ ವಿಳಾಸವೂ ಕಿತ್ತು ಹೋಗುತ್ತದೆ. ಈ ಊರಿನ ಸ್ಲ್ಯಾಬ್ ಹಾಕಿದವರಿಗೆ ಈ ಊರಿನಲ್ಲಿದ್ದೆವೆಂದು ತೋರಿಸಲು ಒಂದು ಚೀಟಿ ಇರುವುದಿಲ್ಲ.

ಹೊರದೇಶದಲ್ಲಿ ಇದನ್ನೇ ಬೇರೆ ರೀತಿ ಕೇಳುವ ಊರುಗಳಿವೆ. ಅಮೆರಿಕದ ಕೊಲೊರಾಡೊದಲ್ಲಿ ವೇಲ್ ಎಂಬ ಗುಡ್ಡದ ಊರು, ಹಿಮದ ಆಟಕ್ಕೆ ಶ್ರೀಮಂತರು ಬರುವ ಜಾಗ. ಅವರು ಮನೆಗಳನ್ನೆಲ್ಲ ಕೊಂಡುಬಿಟ್ಟರು. ಅಡುಗೆಯವರು, ಬಸ್ ಡ್ರೈವರುಗಳು, ಶಾಲೆಯ ಟೀಚರುಗಳು ಇರಲು ಜಾಗವಿಲ್ಲದಾಯಿತು. 2017 ರಲ್ಲಿ ಅಲ್ಲಿನ ಪುರಸಭೆ ಒಂದು ಉಪಾಯ ಹೂಡಿತು. ಮನೆಯ ಮಾಲೀಕನಿಗೆ ಪುರಸಭೆಯೇ ದುಡ್ಡು ಕೊಡುತ್ತದೆ. ಬದಲಿಗೆ ಮನೆಯ ಪತ್ರದಲ್ಲೇ ಒಂದು ಷರತ್ತು ನೋಂದಣಿಯಾಗುತ್ತದೆ: ಇಲ್ಲಿ ವಾಸಿಸುವವರು ಆ ಜಿಲ್ಲೆಯಲ್ಲೇ ವಾರಕ್ಕೆ ಸರಾಸರಿ ಮೂವತ್ತು ಗಂಟೆ ಕೆಲಸ ಮಾಡುವವರಾಗಿರಬೇಕು. ಮನೆ ಯಾರ ಕೈಗೆ ಹೋದರೂ ಷರತ್ತು ಜೊತೆಗೇ ಹೋಗುತ್ತದೆ. ಎಲ್ಲಿ ಹುಟ್ಟಿದೆ, ಎಷ್ಟು ವರ್ಷವಾಯಿತು ಎಂದು ಕೇಳುವುದಿಲ್ಲ. ಎಲ್ಲಿ ದುಡಿಯುತ್ತೀ ಎಂದಷ್ಟೇ ಕೇಳುತ್ತಾರೆ. ಅದೇ ರಾಜ್ಯದ ಆಸ್ಪೆನ್ ಊರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಇಂಥ ಮನೆಯನ್ನು ಮಾರುವಾಗ ಬೆಲೆ ಇಷ್ಟಕ್ಕಿಂತ ಏರಿಸಬಾರದು ಎಂಬ ಮಿತಿಯೂ ಇದೆ. ಕೊಂಡವನಿಗೆ ದೊಡ್ಡ ಲಾಭವಿಲ್ಲ, ಮುಂದೆ ಬರುವ ಕೆಲಸಗಾರನಿಗೂ ಅದು ಅಗ್ಗದ ಮನೆಯಾಗಿಯೇ ಸಿಗುತ್ತದೆ.

ದುಡಿಮೆಯನ್ನು ನೋಡಿ ಮನೆ ಕೊಟ್ಟ ಉದಾಹರಣೆ ನಮ್ಮ ಹತ್ತಿರವೂ ಇದೆ. ಸೊಲ್ಲಾಪುರದಿಂದ ಅಕ್ಕಲಕೋಟೆ ದಾರಿಯಲ್ಲಿ ಕುಂಭಾರಿ ಬರುತ್ತದಲ್ಲ, ನಮ್ಮವರ ಊರಿಗೆ ಹೋಗುವಾಗ ಪ್ರತಿ ಸಲ ನೋಡುತ್ತೇನೆ. ಅಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಗೋದೂತಾಯಿ ಪರುಳೇಕರ್ ಹೆಸರಿನಲ್ಲಿ ಹತ್ತು ಸಾವಿರ ಮನೆಗಳ ವಸತಿ ಮೊದಲು ಬಂತು, 2006 ರಲ್ಲಿ ಉದ್ಘಾಟನೆಯಾಯಿತು. ಆಮೇಲೆ ಅಲ್ಲೇ ರೇನಗರ: ಬೀಡಿ, ಮಗ್ಗ, ಚಿಂದಿ ಆಯುವವರು, ಕಟ್ಟಡ ಕೆಲಸದವರು, ಇಂಥ ಅಸಂಘಟಿತ ಕಾರ್ಮಿಕರಿಗೆ 30 ಸಾವಿರ ಮನೆಗಳ ಯೋಜನೆ. 2019 ರ ಜನವರಿಯಲ್ಲಿ ಅಡಿಗಲ್ಲು, 2024 ರ ಜನವರಿ 19 ರಂದು ಮೊದಲ 15 ಸಾವಿರ ಮನೆಗಳ ಹಸ್ತಾಂತರ. ಎರಡರ ಹಿಂದೆಯೂ ಮಾಜಿ ಶಾಸಕ ನರಸಯ್ಯ ಆಡಂ ಅವರ ವರ್ಷಾನುಗಟ್ಟಲೆಯ ಓಡಾಟವಿದೆ. ಊರಿಂದ ದೂರ ಎಂಬ ಮಾತು ಇದ್ದೇ ಇದೆ. ಬೀಡಿಯನ್ನಾದರೆ ಮನೆಯಲ್ಲೇ ಕುಳಿತು ಕಟ್ಟಬಹುದು. ದಿನಾ ಪೇಟೆಗೆ ಕೆಲಸಕ್ಕೆ ಬರುವವರಿಗೆ ಬಸ್ ಚಾರ್ಜಿನದೇ ಲೆಕ್ಕ. ಚರ್‍ಹೋಲಿಯ ಮನೆ ನೋಡಲು ಹೋಗುವವರೂ ಇದನ್ನು ಲೆಕ್ಕ ಹಾಕಿ. ರಾತ್ರಿ ಪಾಳಿ ಮುಗಿದ ಮೇಲೆ ಗಾಡಿ ಸಿಗುತ್ತದೆಯೇ?

ಅರ್ಜಿ ಹಾಕುವ ಮನಸ್ಸಿದ್ದರೆ ಕೆಲವು ಮಾತು, ನಮ್ಮ ಎರಡು ಸಲದ ಅನುಭವದಿಂದ. (ಎರಡೂ ಸಲ ಹೆಸರು ಬರಲಿಲ್ಲ, ಠೇವಣಿ ಖಾತೆಗೆ ವಾಪಸಾಯಿತು.) ಆದಾಯದ ಮಿತಿಯನ್ನು 2022 ರಲ್ಲಿ ಏರಿಸಿದ್ದಾರೆ. ಪುಣೆ ಮಹಾನಗರ ಪ್ರದೇಶದಲ್ಲಿ ವರ್ಷಕ್ಕೆ 6 ಲಕ್ಷದವರೆಗಿನ ಕುಟುಂಬ ಅತ್ಯಲ್ಪ ಆದಾಯದ ಗುಂಪಿಗೆ, 9 ಲಕ್ಷದವರೆಗಿನವರು ಅಲ್ಪ ಆದಾಯದ ಗುಂಪಿಗೆ ಬರುತ್ತಾರೆ. "ನಮ್ಮಂಥವರಿಗೆ ಇಲ್ಲ ಬಿಡ್ರಿ" ಎಂದು ಕೈಬಿಟ್ಟ ಎಷ್ಟೋ ಜನ ಈಗ ಅದರೊಳಗೇ ಇದ್ದಾರೆ. ಆದರೆ ಇದು ಮ್ಹಾಡಾದ ಲೆಕ್ಕ. ಆವಾಸ್ ಯೋಜನೆಯ ಮಿತಿ ಬೇರೆ, ಆಯಾ ಜಾಹೀರಾತಿನಲ್ಲಿ ನೋಡಿಕೊಳ್ಳಿ.

ಆವಾಸ್ ಯೋಜನೆಗೆ ಇನ್ನೊಂದು ಮುಳ್ಳಿದೆ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಇವರಲ್ಲಿ ಯಾರ ಹೆಸರಿನಲ್ಲೂ ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಬಾರದು. ಅಣ್ಣತಮ್ಮಂದಿರು ಪಾಲಾಗುವಾಗ "ನಿನ್ನ ಹೆಸರಿಗೂ ಒಂದು ಖೋಲಿ ಇರಲಿ" ಎಂದು ಊರಿನ ಉತಾರದಲ್ಲಿ ಹೆಸರು ಸೇರಿಸಿರುತ್ತಾರೆ. ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಿ ಬೀಗ ತೆಗೆಯುವ ಆ ಖೋಲಿ ಇಲ್ಲಿಯ ಅರ್ಜಿಗೆ ಅಡ್ಡ ನಿಲ್ಲುತ್ತದೆ. ಅಪ್ಪನ ಹೆಸರಿನಲ್ಲಿದ್ದರೆ ಆ ತೊಂದರೆ ಇಲ್ಲ. ಮುಚ್ಚಿಟ್ಟು ಅರ್ಜಿ ಹಾಕಬೇಡಿ, ಪ್ರತಿಜ್ಞಾಪತ್ರ ಬರೆದುಕೊಟ್ಟಿರುತ್ತೀರಿ. ಇದೇ ಯೋಜನೆಯಲ್ಲಿ ಮನೆ ಹೆಂಡತಿಯ ಹೆಸರಿನಲ್ಲಿ ಅಥವಾ ಇಬ್ಬರ ಹೆಸರಿನಲ್ಲಿ ಆಗಬೇಕು. ಈ ಒಂದು ಷರತ್ತು ನನಗೆ ಬಹಳ ಇಷ್ಟ. ನಮ್ಮ ಕಡೆಯ ಗಂಡಸರು ಸ್ವಲ್ಪ ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಮ್ಹಾಡಾ ಯಾವ ಏಜೆಂಟರನ್ನೂ ನೇಮಿಸಿಲ್ಲವೆಂದು ತನ್ನ ಜಾಹೀರಾತುಗಳಲ್ಲೇ ಹೇಳುತ್ತದೆ. ಅರ್ಜಿ, ಠೇವಣಿ, ಲಾಟರಿ ಎಲ್ಲ ಆನ್‌ಲೈನ್. "ನಂಬರ್ ಹತ್ತಿಸಿ ಕೊಡ್ತೀನಿ" ಎನ್ನುವವನು ಬಂದರೆ ಚಹಾ ಕೊಟ್ಟು ಕಳಿಸಿ, ಟೋಕನ್ ಬೇಡ. 2025 ರ ಸೆಪ್ಟೆಂಬರಿನಲ್ಲಿ ಪುಣೆ ಮಂಡಳಿ 4186 ಮನೆಗಳಿಗೆ ಅರ್ಜಿ ಕರೆದಾಗ ಅರ್ಜಿಗಳು ಲಕ್ಷದ ಲೆಕ್ಕದಲ್ಲಿ ಬಂದವು. ಯಾರ ಕೈಯಲ್ಲೂ ಏನಿಲ್ಲ. ಹೆಸರು ಬಂದರೆ ಕುಣಿಯುವ ಮೊದಲು ತಿಂಗಳ ಮೇಂಟೆನೆನ್ಸ್ ಎಷ್ಟು, ಸ್ಟ್ಯಾಂಪ್ ಶುಲ್ಕ ಎಷ್ಟು, ಬ್ಯಾಂಕ್ ಎಷ್ಟು ಸಾಲ ಕೊಡುತ್ತದೆ ಎಂದು ಕೂಡಿಸಿ ನೋಡಿ. ಹಂಚಿಕೆ ಪತ್ರದ ಹಿಂಬದಿಯನ್ನು ಮರಾಠಿ ಚೆನ್ನಾಗಿ ಬರುವ ಪಕ್ಕದ ಮನೆಯ ಕಾಲೇಜು ಹುಡುಗಿಯಿಂದ ಜೋರಾಗಿ ಓದಿಸಿ.

ಈ ಮಾತು ಪ್ರಸಾರವಾದ ಮೇಲೆ ಒಬ್ಬ ಹಿರಿಯರು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಏನಮ್ಮಾ, ದುಡಿದು ದುಡ್ಡು ಕೊಟ್ಟ ಮನೆ. ಮಗಳ ಮದುವೆಗೆ, ಆಸ್ಪತ್ರೆಗೆ ಅಂತ ಮಾರಬೇಕಾದರೆ ಬಡವನಿಗೇ ಯಾಕೆ ಅಡ್ಡಿ? ಶ್ರೀಮಂತನಿಗೆ ಈ ಹಗ್ಗ ಇಲ್ಲವಲ್ಲ?" ಅವರ ಮಾತು ತಳ್ಳಿ ಹಾಕುವಂಥದ್ದಲ್ಲ. ಬಡವರ ಮನೆಯಲ್ಲಿ ಕಷ್ಟ ಐದು ವರ್ಷ ಕಾಯುವುದಿಲ್ಲ. ಅಂಥ ವೇಳೆ ಮಾರುವವನು ಅದೇ ಯೋಜನೆಗೆ ಮನೆ ಒಪ್ಪಿಸಿ, ಕಟ್ಟಿದ ದುಡ್ಡು ನ್ಯಾಯವಾಗಿ ಪಡೆಯುವಂತಿರಬೇಕು, ಪಟ್ಟಿಯಲ್ಲಿ ಕಾಯುವವನಿಗೆ ಮನೆ ಹೋಗಬೇಕು ಎಂದು ನನ್ನ ಅಭಿಪ್ರಾಯ. ಆಗ ನೋಟರಿಯ ದಂಧೆಗೆ ಗಿರಾಕಿಯೇ ಇರುವುದಿಲ್ಲ. ಇನ್ನೊಂದು ಕಡೆ, ಐದು ವರ್ಷ ಎಂಬುದು ಕೆಲಸಗಾರರ ಊರನ್ನು ಉಳಿಸಲು ಬಹಳ ಕಡಿಮೆ ಎಂದೂ ಅನ್ನಿಸುತ್ತದೆ. ಸಿಂಗಾಪುರದಲ್ಲಿ ಸರಕಾರದ ಮನೆಗಳು 99 ವರ್ಷದ ಗುತ್ತಿಗೆಯವು; ಅಲ್ಲಿಯೂ ಮೊದಲು ಐದು ವರ್ಷ ವಾಸ ಕಡ್ಡಾಯವಿತ್ತು. ಊರ ನಡುವಿನ ಬೇಡಿಕೆಯ ಜಾಗಗಳಿಗೆ 2021 ರಲ್ಲಿ ಅದನ್ನು ಹತ್ತು ವರ್ಷ ಮಾಡಿದರು. ಹಿರಿಯರು ಇದನ್ನು ಕೇಳಿ, "ನೀನು ರೇಡಿಯೊದವಳು, ಎರಡೂ ಕಡೆ ಮಾತಾಡ್ತೀಯ" ಎಂದು ನಕ್ಕು ಫೋನ್ ಇಟ್ಟರು.

ಟೆಂಪೊ ಅಣ್ಣ ಎರಡು ವಾರದ ನಂತರ ಮತ್ತೆ ಸಿಕ್ಕರು. ನೋಟರಿಯ ಮನೆ ಬಿಟ್ಟಿದ್ದಾರೆ. ಕೊಡಬೇಕೆಂದು ತೆಗೆದಿಟ್ಟ ಹಣ ಮತ್ತೆ ಬ್ಯಾಂಕಿಗೆ ಹೋಗಿದೆ. ಡೊಮಿಸೈಲಿಗೆ ಅವರ ಬಳಿ ಒಂಬತ್ತು ವರ್ಷದ ಕಾಗದಗಳಿವೆ, ಹೋಟೆಲಿನ ಮಾಳಿಗೆಯ ವರ್ಷಗಳದ್ದೇ ಇಲ್ಲ. ಆ ಹೋಟೆಲೂ ಈಗ ಇಲ್ಲ, ಅಲ್ಲೊಂದು ಮೊಬೈಲ್ ಅಂಗಡಿಯಾಗಿದೆ. "ಆದ್ರ ಅಕ್ಕಾರ, ಮನ್ನೆ ಟ್ರಂಕ್ ತಗದು ನೋಡಿದ್ರ ಒಂದು ಪಾಸ್‌ಬುಕ್ ಸಿಕ್ತು" ಎಂದರು. ಊರಿಗೆ ದುಡ್ಡು ಕಳಿಸಲು ಹೋಟೆಲಿನ ಮಾಲೀಕರು ಆಗ ಮಾಡಿಸಿಕೊಟ್ಟ ಖಾತೆಯಂತೆ. ಮೊದಲ ಪುಟದಲ್ಲಿ ಹೋಟೆಲಿನ ವಿಳಾಸ, ಬ್ಯಾಂಕಿನ ಗುಂಡು ಮುದ್ರೆ, ಐದುನೂರು ರೂಪಾಯಿ ಜಮಾ. ಸೇತು ಕೇಂದ್ರದಲ್ಲಿ ಅದನ್ನು ಒಪ್ಪುತ್ತಾರೋ ಇಲ್ಲವೋ, ಮಂಗಳವಾರ ಟೆಂಪೊ ನಿಲ್ಲಿಸಿ ಹೋಗಿ ಕೇಳುತ್ತಾರಂತೆ.

ಈ ಸಲ ಹಾಡು ಕೇಳಿದರು. ಹಾಕಿದೆ.